ಬೋರ್ಡ್ ಮುಂದೆ ‘ಠೀಕ್ ಹೈ ಸಾಬ್’ ಅನ್ನಬೇಡ

ತಮ್ಮಾ, ರೆಕಾರ್ಡ್ ಆಫೀಸಿನ ಕಾಗದ ಬಂದಾಗಿನಿಂದ ನೀನು ಸರಿಯಾಗಿ ಊಟ ಮಾಡುತ್ತಿಲ್ಲ ಅಂತ ಮನೆಯಲ್ಲಿ ಹೇಳಿದರು. ಮತ್ತೆ ಮೆಡಿಕಲ್ ಬೋರ್ಡ್‌ಗೆ ಹಾಜರಾಗು ಅನ್ನುವ ಕಾಗದ ಕೈಗೆ ಬಂದಾಗ ಎದೆ ಧಸಕ್ಕೆನ್ನದ ಪಿಂಚಣಿದಾರನನ್ನು ನಾನಿನ್ನೂ ಕಂಡಿಲ್ಲ. ಜಾಲಹಳ್ಳಿ ಏರ್‌ಫೋರ್ಸ್ ಸ್ಟೇಷನ್ ಪಕ್ಕದಲ್ಲೇ ಇರುವುದರಿಂದ ನಮ್ಮ ಸಿಂಗಾಪುರ, ಎಂ.ಎಸ್. ಪಾಳ್ಯ, ಅಬ್ಬಿಗೆರೆ, ಕಮ್ಮಗೊಂಡನಹಳ್ಳಿ ಸುತ್ತ ಯೂನಿಫಾರಂ ಬಿಚ್ಚಿಟ್ಟು ಮನೆ ಕಟ್ಟಿಕೊಂಡವರು ಬಹಳ ಜನ. ಸಂಜೆ ನಾಲ್ಕು ಜನ ಸೇರಿದ ಕಡೆ ಪಿಂಚಣಿ ಮಾತು ಬಂದೇ ಬರುತ್ತದೆ. ಒಬ್ಬ ‘ಬೋರ್ಡ್‌ಗೆ ಹೋದರೆ ಪೂರ್ತಿ ಪಿಂಚಣಿ ಹೋಗುತ್ತೆ’ ಅಂತಾನೆ, ಇನ್ನೊಬ್ಬ ‘ಹೋಗಲೇಬೇಡ, ಏನೂ ಆಗಲ್ಲ’ ಅಂತಾನೆ. ಎರಡೂ ತಪ್ಪು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು.

ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸರ್ವಿಸ್ ಮುಗಿಸಿದವನು ಅನ್ನುವುದು ನಿನಗೆ ಗೊತ್ತು. ಬೋರ್ಡ್ ಕೂರುವ ಕೋಣೆಯ ಬಾಗಿಲಲ್ಲಿ ಫೈಲು ಹಿಡಿದು ನಿಂತು, ಒಳಗೆ ಹೋದವರನ್ನೂ ಹೊರಗೆ ಬಂದವರನ್ನೂ ನೋಡುವುದೇ ಬಹಳ ವರ್ಷ ನನ್ನ ಕೆಲಸವಾಗಿತ್ತು. ಕಾನೂನು ಓದಿದವನಲ್ಲ. ಆದರೆ ಯಾರು ಎಲ್ಲಿ ಎಡವುತ್ತಾರೆ ಅನ್ನುವುದನ್ನು ಹತ್ತಿರದಿಂದ ಕಂಡಿದ್ದೇನೆ.

ಮೊದಲು ಆ ಕಾಗದವನ್ನು ಇನ್ನೊಂದು ಸಲ ಓದು. ಯಾವ ಬೋರ್ಡ್ ಅಂತ ಬರೆದಿದ್ದಾರೆ, ಯಾವ ತೊಂದರೆಗೆ ಕರೆದಿದ್ದಾರೆ, ಯಾವ ತಾರೀಖಿನೊಳಗೆ ಬರಬೇಕು ಅಂದಿದ್ದಾರೆ? ಆಮೇಲೆ ನಿನ್ನ ಹಳೇ ಬೋರ್ಡ್‌ನ ಕಾಗದ ತೆಗೆದು ಪಕ್ಕದಲ್ಲಿಟ್ಟುಕೋ. ಎ.ಎಫ್.ಎಂ.ಎಸ್.ಎಫ್-16 ಅಂತ ಮೇಲೆ ಅಚ್ಚಾಗಿರುತ್ತದಲ್ಲ, ಅದೇ. ನಿನ್ನನ್ನು ಮನೆಗೆ ಕಳಿಸುವಾಗ ನಿನ್ನ ಮಂಡಿ ಮತ್ತು ಕಿವಿಯ ತೊಂದರೆ ಕಾಯಂ ಅಂತ ಬರೆದಿದ್ದರೋ, ಇಂತಿಷ್ಟು ಕಾಲಕ್ಕೆ ಅಂತ ಬರೆದಿದ್ದರೋ? ಇಡೀ ವಿಷಯ ನಿಂತಿರುವುದು ಆ ಒಂದು ಸಾಲಿನ ಮೇಲೆ.

ಹಿಂದೆಲ್ಲ ಕೆಲವು ವರ್ಷಕ್ಕೊಮ್ಮೆ ರೀಸರ್ವೆ ಬೋರ್ಡ್ ಅಂತ ಕರೆಯುತ್ತಲೇ ಇದ್ದರು. ಕಾಲು ಕಳೆದುಕೊಂಡವನೂ ಮತ್ತೆ ಮತ್ತೆ ಹೋಗಿ ತನ್ನ ಕಾಲಿಲ್ಲ ಅಂತ ತೋರಿಸಿ ಬರಬೇಕಾಗಿತ್ತು. ಐದನೇ ವೇತನ ಆಯೋಗ ಬಂದ ಮೇಲೆ, 2001ರ ಫೆಬ್ರವರಿ 7ರಂದು ರಕ್ಷಣಾ ಸಚಿವಾಲಯ ಒಂದು ಆದೇಶ ಹೊರಡಿಸಿತು. ತೊಂದರೆ ಕಾಯಂ ಸ್ವರೂಪದ್ದು ಅಂತ ಒಮ್ಮೆ ತೀರ್ಮಾನವಾದರೆ ಅದು ಜೀವನಪೂರ್ತಿಗೆ. ಪಿಂಚಣಿದಾರ ತಾನಾಗಿ ಕೇಳಿಕೊಂಡರೆ ಮಾತ್ರ ಮರುಪರಿಶೀಲನೆ. ಕಾಯಂ ಅಲ್ಲದ ತೊಂದರೆಗೆ ಒಂದೇ ಒಂದು ಮರುಪರೀಕ್ಷೆ. ಅಲ್ಲಿ ಬಂದ ಅಂಗವೈಕಲ್ಯದ ಶೇಕಡಾವಾರು ಮುಂದೆ ಜೀವನಪೂರ್ತಿ ನಿಲ್ಲುತ್ತದೆ. 2019ರ ನವೆಂಬರ್‌ನಲ್ಲಿ ನೌಕಾಪಡೆಯ ಕಮಾಂಡರ್ ರಾಕೇಶ್ ಪಾಂಡೆ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಆದೇಶವನ್ನು ಎತ್ತಿ ಹಿಡಿಯಿತು. ಅವರಿಗಿದ್ದ ಸಕ್ಕರೆ ಕಾಯಿಲೆಗೆ ಐದು ವರ್ಷ ಮಾತ್ರ ಅಂತ ಮಿತಿ ಹಾಕಿದ್ದರು. ಕಾಯಂ ಕಾಯಿಲೆಗೆ ಐದು ವರ್ಷದ ಮಿತಿ ಎಲ್ಲಿಂದ ಬಂತು ಅನ್ನುವುದೇ ಅಲ್ಲಿದ್ದ ಪ್ರಶ್ನೆ. ಕೋರ್ಟ್ ಜೀವನಪೂರ್ತಿ ಕೊಡಿ ಅಂದಿತು.

ಆದ್ದರಿಂದ ನಿನ್ನ ಹಳೇ ಕಾಗದದಲ್ಲಿ ಕಾಯಂ ಅಂತಿದ್ದರೆ, ಈ ಆದೇಶ ಹೆಸರಿಸಿ ರೆಕಾರ್ಡ್ ಆಫೀಸಿಗೆ ಒಂದು ಅರ್ಜಿ ಬರೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀತಿ ಇಟ್ಟುಕೋ. ಉತ್ತರ ಬರಲಿಲ್ಲ ಅಂತ ತಾರೀಖು ಮಾತ್ರ ತಪ್ಪಿಸಬೇಡ. ಕರೆದಾಗ ಹೋಗದಿದ್ದವನ ಪಿಂಚಣಿ ತೂಗಾಡುತ್ತದೆ, ಹೋದವನು ಹೋಗಿಯೂ ತಕರಾರು ಹೇಳಬಹುದು. ಕಾಯಂ ಅಲ್ಲ ಅಂತಿದ್ದರೆ ಇದು ನಿನಗೆ ಸಿಗುವ ಒಂದೇ ಬೋರ್ಡ್. ಮುಂದಿನ ಮೂವತ್ತು ನಲವತ್ತು ವರ್ಷಕ್ಕೆ ಇದೇ ಲೆಕ್ಕ. ಹೆದರುವ ಬದಲು ತಯಾರಾಗು ಅಂತ ಹೇಳುತ್ತಿರುವುದು ಇದಕ್ಕೇ.

ಈ ಸಂಕಟ ನಮಗೆ ಮಾತ್ರ ಅಲ್ಲ. ಅಮೆರಿಕದಲ್ಲಿ 55 ವರ್ಷ ದಾಟಿದ ಮಾಜಿ ಸೈನಿಕರನ್ನು, ವಿಶೇಷ ಕಾರಣವಿಲ್ಲದೆ ಇಂಥ ಪರೀಕ್ಷೆಗೆ ಮತ್ತೆ ಕರೆಯುವುದಿಲ್ಲ. ಮೋಸದಿಂದ ಪಡೆದದ್ದಲ್ಲದಿದ್ದರೆ, 20 ವರ್ಷ ನಿಂತ ಶೇಕಡಾವಾರನ್ನು ಅದರ ಕೆಳಗೆ ಇಳಿಸುವುದೂ ಇಲ್ಲ. ಆದರೂ ಅಲ್ಲಿನವರಿಗೂ ಆ ಕಾಗದ ಬಂದರೆ ಇದೇ ಸಂಕಟ. ದೇಹ ಕೊಟ್ಟು ಬಂದವನಿಗೆ ‘ನಿನಗೆ ನಿಜವಾಗಲೂ ನೋವಿದೆಯಾ’ ಅಂತ ಮತ್ತೆ ಕೇಳಿದರೆ ಮನಸ್ಸಿಗೆ ನಾಟುತ್ತದೆ. ನಾಟಲಿ, ಅದು ಸಹಜ. ಆ ಸಿಟ್ಟನ್ನು ಮಾತ್ರ ಬೋರ್ಡ್ ಕೋಣೆಗೆ ತಗೊಂಡು ಹೋಗಬೇಡ.

ಈಗ ಪಿಂಚಣಿ ಹೋಗುವ ಭಯದ ಮಾತು. ನಿನ್ನ ಪಿ.ಪಿ.ಓ., ಅಂದರೆ ಪಿಂಚಣಿ ಪಾವತಿ ಆದೇಶ, ತೆಗೆದು ನೋಡು. ಅದರಲ್ಲಿ ಎರಡು ಭಾಗ ಇದೆ: ಸರ್ವಿಸ್ ಎಲಿಮೆಂಟ್, ಡಿಸಬಿಲಿಟಿ ಎಲಿಮೆಂಟ್. ಬೋರ್ಡ್ ಏನು ಬರೆದರೂ ಅಲುಗಾಡುವುದು ಎರಡನೆಯದು ಮಾತ್ರ. ಸೈನ್ಯದ ಪಿಂಚಣಿ ನಿಯಮದಲ್ಲೇ ಇದೆ: ಮೊದಲು ಅಂಗವೈಕಲ್ಯ ಪಿಂಚಣಿ ಪಡೆದು, ಆಮೇಲೆ ಶೇಕಡಾ 20ಕ್ಕಿಂತ ಕೆಳಗಿಳಿದವನ ಡಿಸಬಿಲಿಟಿ ಎಲಿಮೆಂಟ್ ನಿಲ್ಲುತ್ತದೆ, ಸರ್ವಿಸ್ ಎಲಿಮೆಂಟ್ ಮುಂದುವರಿಯುತ್ತದೆ. ಮನೆಯಲ್ಲಿ ಮೊದಲು ಈ ಮಾತು ಹೇಳು. ಮಕ್ಕಳ ಸ್ಕೂಲ್ ಫೀಸಿಗೆ ಏನು ಗತಿ ಅಂತ ಮನೆಯಾಕೆ ಒಳಗೊಳಗೇ ಕೊರಗುತ್ತಿರಬಹುದು.

ಇನ್ನೊಂದು ವಿಷಯ ರೌಂಡಿಂಗ್ ಆಫ್, ನಮ್ಮವರು ಬ್ರಾಡ್ ಬ್ಯಾಂಡಿಂಗ್ ಅನ್ನುತ್ತಾರೆ. 1996ರ ಜನವರಿಯಿಂದ ಜಾರಿಗೆ ಬರುವ ಹಾಗೆ 2001ರ ಜನವರಿ 31ರಂದು ಹೊರಡಿಸಿದ ಆದೇಶ ಅದು. 50ಕ್ಕಿಂತ ಕಡಿಮೆ ಇದ್ದರೆ 50 ಅಂತ ಲೆಕ್ಕ, 50ರಿಂದ 75ರವರೆಗೆ ಇದ್ದರೆ 75, ಅದಕ್ಕಿಂತ ಮೇಲಿದ್ದರೆ 100. ಮೊದಲು ಇದು ನಿನ್ನ ಹಾಗೆ ಬೋರ್ಡ್ ಔಟ್ ಆದವರಿಗೆ, ಅಂದರೆ ಅನಾರೋಗ್ಯದ ಕಾರಣಕ್ಕೆ ಮಧ್ಯದಲ್ಲೇ ಮನೆಗೆ ಕಳಿಸಿದವರಿಗೆ, ಮಾತ್ರ ಇತ್ತು. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕು ಅಂದಿತು. ನಿನ್ನ ಕೊನೆಯ ಸಂಬಳ 40,000 ರೂಪಾಯಿ ಅಂತಿಟ್ಟುಕೋ. ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಅದರ ಶೇಕಡಾ 30, ಅಂದರೆ 12,000. ಐವತ್ತಕ್ಕೆ 6,000, ಎಪ್ಪತ್ತೈದಕ್ಕೆ 9,000. ಮೇಲೆ ತುಟ್ಟಿಭತ್ಯೆ. ಈಗ ನಿನ್ನದು ಶೇಕಡಾ 40, ನಿನಗೆ ಸಿಗುತ್ತಿರುವುದು 50ರ ಲೆಕ್ಕ. ಬೋರ್ಡ್ 30ಕ್ಕೆ ಇಳಿಸಿದರೂ ಸಿಗುವುದು ಅದೇ 50. ಹಾಗಾದರೆ ಕಾಯಬೇಕಾದ ಗೆರೆ ಯಾವುದು ಅಂತ ಗೊತ್ತಾಯಿತಲ್ಲ, ಇಪ್ಪತ್ತು. ಅದರ ಕೆಳಗೆ ಇಳಿಯದ ಹಾಗೆ ನಿನ್ನ ನಿಜ ಸ್ಥಿತಿ ಕಾಗದದ ಮೇಲೆ ಬರಬೇಕು. ಒಂದೊಂದು ಅಂಕಕ್ಕೂ ಡಾಕ್ಟರ ಜೊತೆ ವಾದಕ್ಕಿಳಿಯುವ ಅಗತ್ಯ ಇಲ್ಲ. 2023ರ ಸೆಪ್ಟೆಂಬರ್ 21ರ ನಂತರ ಬಿಟ್ಟು ಬಂದವರಿಗೆ ಬೇರೆ ನಿಯಮಾವಳಿ ಬಂದಿದೆ. ನೀನು ಅದಕ್ಕಿಂತ ಮೊದಲೇ ಬಂದವನು, ಆ ಗೊಂದಲ ತಲೆಗೆ ಹಚ್ಚಿಕೊಳ್ಳಬೇಡ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ನಮ್ಮವರು ಬೋರ್ಡ್‌ನಲ್ಲಿ ಕಳೆದುಕೊಳ್ಳುವುದು ಸುಳ್ಳು ಹೇಳಿ ಅಲ್ಲ, ನಿಜ ನುಂಗಿ.

ಒಬ್ಬ ಹವಾಲ್ದಾರ್ ಬಂದಿದ್ದರು, ಸೊಂಟದ ತೊಂದರೆ. ಒಳಗೆ ಹೋದ ಕೂಡಲೇ ಸಾವಧಾನ್ ನಿಂತರು. ಬೋರ್ಡ್ ಅಧ್ಯಕ್ಷರು ‘ಕೈಸೇ ಹೋ’ ಅಂದರು, ಇವರು ‘ಠೀಕ್ ಹೈ ಸಾಬ್, ಫಸ್ಟ್ ಕ್ಲಾಸ್’ ಅಂದರು. ‘ಕೋಯಿ ತಕ್ಲೀಫ್?’ ‘ನಹೀಂ ಸಾಬ್, ಚಲ್ ರಹಾ ಹೈ.’ ಸದ್ಯಕ್ಕೆ ಯಾವ ದೂರೂ ಇಲ್ಲ ಅಂತ ಬರೆದುಕೊಂಡರು. ಬರೆಯದೆ ಇನ್ನೇನು ಮಾಡುತ್ತಾರೆ? ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಪರೀಕ್ಷೆಗೆ ಬಿಚ್ಚಿದ್ದ ಬೂಟು ಹಾಕಿಕೊಳ್ಳಲು ಬಗ್ಗಲಾಗಲಿಲ್ಲ. ಅವರ ಹೆಂಡತಿ ನೆಲದ ಮೇಲೆ ಕೂತು, ಒಂದೊಂದೇ ಕಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡು ಲೇಸು ಕಟ್ಟಿದರು. ದಿನಾ ಮಾಡುವ ಕೆಲಸದ ಹಾಗೆ, ಒಂದು ಮಾತೂ ಆಡದೆ. ಬೋರ್ಡ್ ನೋಡಬೇಕಾಗಿದ್ದದ್ದು ಅದನ್ನು. ಬಾಗಿಲಿನ ಈಚೆ ನಡೆದದ್ದು ಆಚೆ ಕೂತವರ ಕಾಗದಕ್ಕೆ ಸೇರಲೇ ಇಲ್ಲ.

ಟ್ರೇನಿಂಗ್‌ನಲ್ಲಿ ನಮಗೆ ಕಲಿಸಿದ್ದೇ ಅದು, ನೋವು ತೋರಿಸಬಾರದು ಅಂತ. ಬೆಟಾಲಿಯನ್‌ನಲ್ಲಿ ಅದು ಬೇಕಾಗಿತ್ತು. ಬೋರ್ಡ್ ಮುಂದೆ ಬೇಡ. ಅಲ್ಲಿ ನೀನು ವರದಿ ಒಪ್ಪಿಸುವವನು ಅಷ್ಟೇ. ಕಂಡದ್ದನ್ನು ಕಂಡಷ್ಟೇ ಹೇಳಬೇಕು, ಕೂಡಿಸಬಾರದು, ಕಳೆಯಬಾರದು.

‘ತುಂಬಾ ನೋವಿದೆ ಸಾಬ್’ ಅಂದರೆ ಡಾಕ್ಟರ ಕೈಗೆ ಏನೂ ಸಿಗುವುದಿಲ್ಲ. ಸಿಗುವ ಹಾಗೆ ಹೇಳು. ಮನೆಯಿಂದ ಗಂಗಮ್ಮ ಸರ್ಕಲ್ ಕಡೆ ನಡೆಯಲು ಹೊರಟರೆ ಎಷ್ಟು ನಿಮಿಷಕ್ಕೆ ಮಂಡಿ ಹಿಡಿಯುತ್ತದೆ? ಮೆಟ್ಟಿಲು ಹತ್ತುವಾಗ ಕಷ್ಟವೋ ಇಳಿಯುವಾಗಲೋ? ಬಿ.ಎಂ.ಟಿ.ಸಿ. ಬಸ್ಸಿನ ಮೊದಲ ಮೆಟ್ಟಿಲಿಗೆ ಯಾವ ಕಾಲು ಮೊದಲು ಇಡುತ್ತೀಯ, ಕಂಬಿ ಹಿಡಿಯದೆ ಹತ್ತಲಾಗುತ್ತದಾ? ಕೆಳಗೆ ಚಾಪೆ ಮೇಲೆ ಕೂತು ಊಟ ಮಾಡಿ ಎಷ್ಟು ಕಾಲವಾಯಿತು? ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗುತ್ತದಾ? ನಿನ್ನ ಎಡ ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆದಿರುವುದನ್ನು ನಾನೇ ನೋಡಿದ್ದೇನೆ, ಅದೇ ಚಪ್ಪಲಿ ಹಾಕಿಕೊಂಡು ಹೋಗು. ಈವತ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ದಿನಾ ನಾಲ್ಕು ಸಾಲು ಬರೆ. ಒಳ್ಳೆಯ ದಿನವನ್ನೂ ಬರೆ. ಬರೀ ಕೆಟ್ಟ ದಿನಗಳ ಪಟ್ಟಿಯನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಹೆಚ್ಚಿಸಿ ಹೇಳುವವರ ಬಗ್ಗೆಯೂ ಒಂದು ಮಾತು. ಕೆಲವರು ಬೋರ್ಡ್ ದಿನ ಮಾತ್ರ ಕೋಲು ಹಿಡಿದು ಬರುತ್ತಾರೆ. ಡಾಕ್ಟರ್ ಮೇಜಿನ ಮೇಲೆ ಮಂಡಿ ಬಗ್ಗಿಸಿ ನೋಡುವುದಷ್ಟೇ ಪರೀಕ್ಷೆ ಅಂತ ತಿಳಿಯಬೇಡ. ಕುರ್ಚಿಯಿಂದ ಹೇಗೆ ಎದ್ದೆ, ಪ್ಯಾಂಟು ಹೇಗೆ ಹಾಕಿಕೊಂಡೆ, ಮೇಜಿನಿಂದ ಹೇಗೆ ಇಳಿದೆ, ಎಲ್ಲ ಅವರ ಕಣ್ಣಿಗೆ ಬೀಳುತ್ತದೆ. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಜವಾದ ಹತ್ತು ಮಾತಿಗೂ ಬೆಲೆ ಹೋಯಿತು. ಇನ್ನು ಕೆಲವರು ಬಿ.ಪಿ., ಸಕ್ಕರೆ ಮಾತ್ರೆಯನ್ನು ಬೋರ್ಡ್‌ಗೆ ಮುಂಚೆ ನಿಲ್ಲಿಸಿಬಿಡುತ್ತಾರೆ, ರಿಪೋರ್ಟ್ ಕೆಟ್ಟದಾಗಿ ಬರಲಿ ಅಂತ. ನಾನು ಕೈಮುಗಿದು ಹೇಳುತ್ತೇನೆ, ಆ ಕೆಲಸ ಯಾವ ಕಾರಣಕ್ಕೂ ಮಾಡಬೇಡ. ಪಿಂಚಣಿ ಉಳಿಸಲು ಹೋಗಿ ಜೀವಕ್ಕೇ ಕುತ್ತು ತಂದುಕೊಳ್ಳುವ ಕೆಲಸ ಅದು. ನೋವಿನ ಮಾತ್ರೆ ನುಂಗಿಯೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ ಇದ್ದರೆ ನುಂಗು, ಆದರೆ ‘ಬೆಳಿಗ್ಗೆ ಈ ಮಾತ್ರೆ ತಗೊಂಡು ಬಂದಿದ್ದೇನೆ, ಅದಿಲ್ಲದಿದ್ದರೆ ಇಷ್ಟು ಬಗ್ಗುವುದಿಲ್ಲ’ ಅಂತ ಬಾಯಿಬಿಟ್ಟು ಹೇಳು.

ನಿನ್ನ ಕಿವಿಯ ವಿಷಯ. ಸ್ಯಾಪರ್ ಆಗಿ ಸ್ಫೋಟದ ಕೆಲಸ ಮಾಡಿದವನಿಗೆ ಕಿವಿಯ ತೊಂದರೆ ಬಂದರೆ ಅದರಲ್ಲಿ ನಾಚಿಕೆ ಏನಿದೆ? ಕೇಳಿಸದಿದ್ದಾಗ ಕೇಳಿಸಿದ ಹಾಗೆ ತಲೆಯಾಡಿಸುವ ಅಭ್ಯಾಸ ನಿನಗಿದೆ. ಮನೆಯಲ್ಲಿ ಟಿ.ವಿ. ಸೌಂಡ್ ಎಷ್ಟಿಡುತ್ತೀಯ, ಗುಂಪಿನಲ್ಲಿ ಮಾತಾಡುವಾಗ ಯಾವ ಕಿವಿ ತಿರುಗಿಸುತ್ತೀಯ, ರಾತ್ರಿ ಕಿವಿಯೊಳಗೆ ಗುಂಯ್ ಅನ್ನುವ ಶಬ್ದ ಇದೆಯಾ, ಹೇಳು. ಬೋರ್ಡ್‌ಗೆ ಮೊದಲು ಆಡಿಯೋಗ್ರಾಂ ಮಾಡಿಸಿದ್ದರೆ ಆ ಚಾರ್ಟ್ ಜೊತೆಗಿರಲಿ. ಮಂಡಿಗೆ ಇಷ್ಟು, ಕಿವಿಗೆ ಇಷ್ಟು ಅಂತ ಬೇರೆ ಬೇರೆ ಹಾಕಿ ಆಮೇಲೆ ಒಟ್ಟು ಶೇಕಡಾವಾರು ಬರೆಯುತ್ತಾರೆ. ಅದು ಎರಡನ್ನೂ ಕೂಡಿದ ಮೊತ್ತ ಆಗಿರಲೇಬೇಕೆಂದಿಲ್ಲ, ನೋಡಿ ಗಾಬರಿಯಾಗಬೇಡ.

ನಿದ್ದೆಯ ವಿಷಯವನ್ನು ನೀನು ನನ್ನ ಹತ್ತಿರವೂ ಹೇಳಿಲ್ಲ, ಆದರೆ ನಡುರಾತ್ರಿ ನಿನ್ನ ಮನೆಯ ವರಾಂಡದ ಲೈಟು ಉರಿಯುವುದನ್ನು ಕಂಡಿದ್ದೇನೆ. ಬೋರ್ಡ್‌ಗೆ ಅಂತ ಹೇಳುತ್ತಿಲ್ಲ, ನಿನಗೋಸ್ಕರ ಹೇಳುತ್ತಿದ್ದೇನೆ: ಡಾಕ್ಟರ್ ಹತ್ತಿರ ಆ ಮಾತು ಎತ್ತು. ಫೌಜಿನ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ನಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ. ಮನಸ್ಸಿನ ಗಾಯವೂ ಗಾಯವೇ, ಅದಕ್ಕೂ ಬೋರ್ಡ್‌ನಲ್ಲಿ ಜಾಗವಿದೆ. ಇಂಥ ಮಾತು ನಿನ್ನ ಬಾಯಿಂದ ಬರುವುದು ಕಷ್ಟ ಅನ್ನಿಸಿದರೆ ಮನೆಯಾಕೆಯನ್ನು ಜೊತೆಗೆ ಕರೆದುಕೊಂಡು ಹೋಗು. ಹೊರಗೆ ಕೂತಿದ್ದರೂ ಬೇಕಾದಾಗ ಕೇಳಬಹುದು.

ಕಾಗದ ಪತ್ರ. ಡಿಸ್ಚಾರ್ಜ್ ಬುಕ್, ಪಿ.ಪಿ.ಓ., ಹಳೇ ಬೋರ್ಡ್‌ನ ಪ್ರತಿ, ಅವತ್ತು ಯೂನಿಟ್‌ನಲ್ಲಿ ಬರೆದ ಗಾಯದ ವರದಿ, ಎಕ್ಸ್‌ರೇ, ಎಂ.ಆರ್.ಐ., ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇ.ಸಿ.ಎಚ್.ಎಸ್.) ಕಾರ್ಡ್, ಆಧಾರ್. ಎಲ್ಲದಕ್ಕೂ ಎರಡೆರಡು ಜೆರಾಕ್ಸ್, ತಾರೀಖಿನ ಪ್ರಕಾರ ಜೋಡಿಸಿದ ಒಂದು ಫೈಲು. ಪಿ.ಪಿ.ಓ. ಕಾಣದಿದ್ದರೆ ಪಿಂಚಣಿಯ ಆನ್‌ಲೈನ್ ಪೋರ್ಟಲ್ ಸ್ಪರ್ಶ್‌ನಲ್ಲಿ ಲಾಗಿನ್ ಆಗಿ ಇಳಿಸಿಕೋ. ಇದೆಲ್ಲ ಯಾರಾದರೂ ಹೇಳುತ್ತಾರೆ. ಯಾರೂ ಹೇಳದ ಒಂದು ಮಾತಿದೆ. ನೀನು ಇಷ್ಟು ವರ್ಷ ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡು ಸುಮ್ಮನಾಗಿದ್ದೀಯ. ಇ.ಸಿ.ಎಚ್.ಎಸ್. ಪಾಲಿಕ್ಲಿನಿಕ್ ಕ್ಯೂನಲ್ಲಿ ಯಾರು ನಿಲ್ಲುತ್ತಾರೆ ಅಂತ ಉದಾಸೀನ. ಅದರಿಂದ ಕಾಗದದ ಮೇಲೆ ನಿನಗೆ ಇಷ್ಟು ವರ್ಷ ನೋವೇ ಇರಲಿಲ್ಲ ಅಂತಾಗಿದೆ! ಈ ವಾರವೇ ಪಾಲಿಕ್ಲಿನಿಕ್‌ಗೆ ಹೋಗಿ ಡಾಕ್ಟರಿಗೆ ತೋರಿಸು, ಮೂಳೆ ಡಾಕ್ಟರಿಗೆ ರೆಫರಲ್ ಕೇಳು, ಬರೆದುಕೊಟ್ಟದ್ದನ್ನು ಫೈಲಿಗೆ ಸೇರಿಸು. ಬೋರ್ಡ್ ಮುಗಿದ ಮೇಲೂ ಈ ಅಭ್ಯಾಸ ಬಿಡಬೇಡ.

ಆ ದಿನ ಬೆಳಕು ಹರಿಯುವ ಮುಂಚೆ ಹೊರಡು. ನಿನ್ನನ್ನು ಕರೆದಿರುವುದು ಹಳೇ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಆಸ್ಪತ್ರೆಗೆ, ಇಲ್ಲಿಂದ ಊರಿನ ಆ ತುದಿ. ಹೆಬ್ಬಾಳದ ಫ್ಲೈಓವರ್ ಹತ್ತಿರ ಒಮ್ಮೆ ಸಿಕ್ಕಿಕೊಂಡರೆ ಸಮಯದ ಮಾತೇ ಬೇಡ. ತಿಂಡಿ ಕಟ್ಟಿಸಿಕೋ, ನೀರು ಇಟ್ಟುಕೋ. ಒಂದೇ ದಿನಕ್ಕೆ ಮುಗಿಯುತ್ತದೆ ಅಂತ ಎಣಿಸಬೇಡ. ಮೊದಲು ತಜ್ಞರು ನೋಡುತ್ತಾರೆ, ಅವರ ಅಭಿಪ್ರಾಯ ಬರುತ್ತದೆ, ಆಮೇಲೆ ಬೋರ್ಡ್. ಅಲ್ಲಿ ಸಾಮಾನ್ಯವಾಗಿ ಮೂವರು ವೈದ್ಯಾಧಿಕಾರಿಗಳು ಕೂರುತ್ತಾರೆ. ಅವರು ಬರೆದದ್ದಕ್ಕೆ ಮೇಲಿನ ವೈದ್ಯಾಧಿಕಾರಿಯ ಒಪ್ಪಿಗೆ ಆಗಬೇಕು. ಹಿಂದಿಯಲ್ಲಿ ಹೇಳಲು ತಡವರಿಸಿದರೆ ನಿಧಾನಕ್ಕೆ ಹೇಳು. ಎರಡು ಪುಟ ಬರೆದುಕೊಂಡು ಹೋಗಿ ‘ಇದನ್ನು ಕಡತಕ್ಕೆ ಸೇರಿಸಿ’ ಅಂತ ಕೊಡು.

ನೀನು ಅಪಾರ್ಟ್‌ಮೆಂಟಿನಲ್ಲಿ ಸೂಪರ್‌ವೈಸರ್ ಕೆಲಸ ಮಾಡುತ್ತಿರುವುದನ್ನು ಮುಚ್ಚಿಡು ಅಂತ ಯಾರೋ ಹೇಳಿದರಂತೆ. ಬೇಡ. ಅಂಗವೈಕಲ್ಯ ಅಳೆಯುವುದು ನಿನ್ನ ವಯಸ್ಸಿನ ಆರೋಗ್ಯವಂತನ ದೇಹಕ್ಕೆ ಹೋಲಿಸಿ. ನೀನು ಎಷ್ಟು ಸಂಪಾದಿಸುತ್ತೀಯ ಅನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಕೇಳಿದರೆ ಇದ್ದದ್ದು ಹೇಳು, ಜೊತೆಗೆ ರೌಂಡ್ಸ್ ಹಾಕುವ ಕೆಲಸ ಬಿಟ್ಟು ಗೇಟಿನ ಕುರ್ಚಿ ಕೆಲಸ ಯಾಕೆ ಕೇಳಿಕೊಂಡೆ ಅನ್ನುವುದನ್ನೂ ಹೇಳು.

‘ಬೋರ್ಡ್ ಮಾಡಿಸಿಕೊಡುತ್ತೇನೆ, ಅರಿಯರ್ಸ್‌ನಲ್ಲಿ ಇಷ್ಟು ಪರ್ಸೆಂಟ್ ಕೊಡು’ ಅಂತ ಬರುವ ಏಜೆಂಟರನ್ನು ಹೊಸಿಲ ಒಳಗೆ ಬಿಡಬೇಡ. ಸ್ಪರ್ಶ್ ಆಫೀಸಿನಿಂದ ಅಂತ ಫೋನ್ ಮಾಡಿ ಓ.ಟಿ.ಪಿ. ಕೇಳುವವರೂ ಇದ್ದಾರೆ, ಫೋನ್ ಇಟ್ಟುಬಿಡು. ಅರ್ಜಿ ಬರೆಯಲು ಸಹಾಯ ಬೇಕಾದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇದೆ.

ಬೋರ್ಡ್ ಆದ ಮೇಲೆ ನಡಾವಳಿಯ ಪ್ರತಿ ಕೇಳಿ ತಗೋ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಆದೇಶ ನಿನಗೆ ವಿರುದ್ಧವಾಗಿ ಬಂದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದಾದ ಮೇಲೆ ಎರಡನೆಯದು, ಅದೂ ಆಗದಿದ್ದರೆ 2007ರ ಕಾಯ್ದೆಯಡಿ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಬೋರ್ಡ್ ಬರೆದದ್ದೇ ಕೊನೆಯಲ್ಲ. ಸಿಗ್ನಲ್ಸ್‌ನ ಸಿಪಾಯಿ ಧರಮ್‌ವೀರ್ ಸಿಂಗ್ ಫಿಟ್ಸ್ ಬಂದು ಬೋರ್ಡ್ ಔಟ್ ಆದಾಗ, ಈ ಕಾಯಿಲೆಗೂ ಸರ್ವಿಸ್‌ಗೂ ಸಂಬಂಧವಿಲ್ಲ ಅಂತ ಪಿಂಚಣಿ ನಿರಾಕರಿಸಿದ್ದರು. 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸೇರುವಾಗ ಆರೋಗ್ಯವಾಗಿದ್ದ ಅಂತ ತೆಗೆದುಕೊಂಡ ಮೇಲೆ, ಕಾಯಿಲೆ ಸರ್ವಿಸ್‌ನಿಂದ ಬಂದದ್ದಲ್ಲ ಅಂತ ತೋರಿಸುವ ಹೊಣೆ ಸೈನ್ಯದ್ದು. ಅನುಮಾನವಿದ್ದರೆ ಅದರ ಲಾಭ ಸೈನಿಕನಿಗೆ. ಒಬ್ಬ ಸಿಪಾಯಿ ಅಷ್ಟು ದೂರ ಹೋಗಿ ಗೆದ್ದದ್ದರಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿದೆ.

ನಿನಗೆ ಅಷ್ಟು ದೂರ ಹೋಗುವ ಪ್ರಸಂಗ ಬರಲಾರದು ಅಂತ ನನ್ನ ನಂಬಿಕೆ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಫೈಲು, ನೋಟ್‌ಬುಕ್ಕು ಎರಡೂ ತಗೊಂಡು ನಮ್ಮ ಮನೆಗೆ ಬಾ. ಮನೆಯಾಕೆಯನ್ನೂ ಕರೆದುಕೊಂಡು ಬಾ, ನಿನಗೆ ನೆನಪಿಲ್ಲದ್ದು ಆಕೆಗೆ ನೆನಪಿರುತ್ತದೆ. ಆ ಎರಡು ಪುಟವನ್ನು ಮೂವರೂ ಕೂತು ಬರೆಯೋಣ.